ತಾತ ಬಿಟ್ಟುಹೋದ ಆಸ್ತಿ

ಡಿಗ್ರಿ ಮುಗಿಸಿ ಸುಮ್ನೆ ಓಡಾಡಿಕೊಂಡಿದ್ದ ಕಾಲ. ಡಿಸೆಂಬರ್‌ನಲ್ಲಿ ಮೂಡಿಗೆರೆ ಹತ್ತಿರದ ಚಿಕ್ಕಮ್ಮನ ತೋಟಕ್ಕೆ ಹೋಗಿದ್ದೆ. ಅರೇಬಿಕಾ ಕಾಫಿ ಕುಯ್ಲು ಶುರುವಾಗಿತ್ತು. ಆಳು ಸಿಗದೆ ಚಿಕ್ಕಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ‘ನಾನಿಲ್ವಾ?’ ಎಂದು ಸೊಂಟಕ್ಕೆ ಚೀಲ ಕಟ್ಟಿಕೊಂಡು ತೋಟಕ್ಕೆ ಇಳಿದೆ. ಹಣ್ಣು ಕೀಳಬೇಕು, ಕಾಯಿ ಬಿಡಬೇಕು. ಅಷ್ಟೇ ಅಲ್ವಾ?

ಮಧ್ಯಾಹ್ನದ ಹೊತ್ತಿಗೆ ನನ್ನ ಚೀಲ ಪಕ್ಕದ ಸಾಲಿನ ಅಜ್ಜಿಯ ಚೀಲಕ್ಕಿಂತ ದಪ್ಪಗಿತ್ತು. ವಯಸ್ಸೆಲ್ಲ ಕಾಫಿ ಕುಯ್ದ ಕೈ ಅದು! ಅಜ್ಜಿ ಆಗಾಗ ನನ್ನ ಗಿಡದ ಕಡೆ ನೋಡಿ ಏನೋ ಗೊಣಗುತ್ತಿದ್ದಳು. ಹೊಟ್ಟೆಕಿಚ್ಚು ಅಂದುಕೊಂಡೆ.

ಸಂಜೆ ಕಣದಲ್ಲಿ ಚೀಲ ಸುರಿದೆ. ಚಿಕ್ಕಪ್ಪ ಬಗ್ಗಿ ಒಂದು ಹಿಡಿ ಎತ್ತಿಕೊಂಡರು.

‘ಏನೋ ಇದು, ಬಟಾಣಿ ಬಿಡಿಸಿಕೊಂಡು ಬಂದಿದ್ದೀಯಾ?’

‘ಹಣ್ಣು ಚಿಕ್ಕಪ್ಪ.’

‘ಮುಕ್ಕಾಲು ಪಾಲು ಕಾಯಿ ಕಣೋ!’

ನೋಡಿದೆ. ಇನ್ನೊಂದು ಸಲ ನೋಡಿದೆ. ಕೆಲವು ಚೂರು ಕಪ್ಪಗೆ, ಕೆಲವು ಚೂರು ತಿಳಿ, ಉಳಿದಂತೆ ಎಲ್ಲಾ ಒಂದೇ ಕೆಸರು ಬಣ್ಣ. ಇಪ್ಪತ್ತೆರಡು ವರ್ಷ ನಾನು ‘ಕೆಂಪು’ ಅಂದಾಗಲೆಲ್ಲ ಜನ ತಲೆ ಆಡಿಸಿದ್ದರು. ಯಾಕೆಂದರೆ ಟೊಮೇಟೊ ಕೆಂಪು, ಸರ್ಕಾರಿ ಬಸ್ಸು ಕೆಂಪು, ಎಲೆ ಹಸಿರು ಅಂತ ಮಗ್ಗಿ ಥರ ಬಾಯಿಪಾಠ ಮಾಡಿದ್ದೆ. ಕಾಣುತ್ತಿದ್ದದ್ದು ಬೇರೆ, ಹೇಳುತ್ತಿದ್ದದ್ದು ಮಾತ್ರ ಎಲ್ಲರ ಹಾಗೇ. ಕಾಫಿ ಹಣ್ಣಿನ ಪಾಠ ಮಾತ್ರ ಮಗ್ಗಿಯಲ್ಲಿ ಇರಲಿಲ್ಲ.

ಕಣ್ಣಿನ ಡಾಕ್ಟರು ಒಂದು ಪುಸ್ತಕ ತೆರೆದರು. ಜಪಾನಿನ ಶಿನೊಬು ಇಶಿಹರ 1917ರಲ್ಲಿ ಮಾಡಿದ ಚುಕ್ಕಿ ಚಿತ್ರಗಳು. ಚುಕ್ಕಿಗಳ ನಡುವೆ ಒಂದು ನಂಬರು ಅಡಗಿರುತ್ತದಂತೆ. ನನಗೆ ಕಂಡದ್ದು ಚೆಲ್ಲಿದ ಸಬ್ಬಕ್ಕಿ.

‘ನಂಬರು ಎಷ್ಟು?’

‘ಎಷ್ಟಿರಬೇಕು ಸಾರ್?’

ವರ್ಣಾಂಧತೆ ಎಂದರು, ಅಂದರೆ ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣದ ಬಣ್ಣಗುರುಡು. ಸಮಾಧಾನಕ್ಕೆ ಡಾಕ್ಟರು ಜಾನ್ ಡಾಲ್ಟನ್ ಕತೆ ಹೇಳಿದರು. ಪರಮಾಣು ಸಿದ್ಧಾಂತದ ಅದೇ ಡಾಲ್ಟನ್. ಆತನಿಗೆ ಗುಲಾಬಿ ಬಣ್ಣದ ಹೂವು ಹಗಲಲ್ಲಿ ಆಕಾಶದ ನೀಲಿಯಾಗಿ ಕಾಣುತ್ತಿತ್ತು. 1794ರಲ್ಲಿ ಅದನ್ನು ವಿದ್ವಾಂಸರ ಮುಂದೆ ಓದಿಯೂ ಓದಿದ. ತನ್ನ ಕಣ್ಣೊಳಗಿನ ದ್ರವವೇ ನೀಲಿ ಇರಬೇಕೆಂದು ಅವನ ನಂಬಿಕೆ. ಸತ್ತ ಮೇಲೆ ಬಿಚ್ಚಿ ನೋಡಿ ಎಂದು ಹೇಳಿಟ್ಟಿದ್ದ. 1844ರಲ್ಲಿ ಬಿಚ್ಚಿ ನೋಡಿದರೆ ದ್ರವ ಕನ್ನಡಿಯಷ್ಟು ತಿಳಿ! ಉಳಿಸಿಟ್ಟ ಕಣ್ಣಿನ ಡಿಎನ್‌ಎ ಪರೀಕ್ಷೆ ಆದದ್ದು 1995ರಲ್ಲಿ. ಹಸಿರು ಹಿಡಿಯುವ ವರ್ಣದ್ರವ್ಯವೇ ಇರಲಿಲ್ಲವಂತೆ. ಅಂಥ ವಿಜ್ಞಾನಿಗೇ ತನ್ನ ಕಣ್ಣಿನ ವಿಷಯ ಗೊತ್ತಾಗಲಿಲ್ಲ. ನನ್ನ ಅವರೆಕಾಳು ಬುದ್ಧಿಗೆ ಎಲ್ಲಿ ಗೊತ್ತಾಗಬೇಕು?

ಇದು ಎಕ್ಸ್ ಕ್ರೋಮೋಸೋಮಿನ ತಂಟೆ, ಗಂಡುಮಕ್ಕಳಿಗೆ ತಾಯಿಯಿಂದ ಬರುತ್ತದೆ ಎಂದು ತಿಳಿದ ದಿನ ಅಪ್ಪನ ಮುಖ ನೋಡಬೇಕಿತ್ತು. ‘ನಿಮ್ಮ ಮನೆಯವರು ಕೊಟ್ಟದ್ದು ಇದೊಂದೇ’ ಎಂದು ಅಮ್ಮನಿಗೆ ಮೂರು ಸಲ ಹೇಳಿದರು. ಆಮೇಲೆ ಅಮ್ಮನಿಗೂ ತಾತನ ನೆನಪಾಯಿತು. ಕಾಯಿ ಮೆಣಸು, ಹಣ್ಣು ಮೆಣಸು ಬೇರೆ ಮಾಡಿ ಅಂದರೆ ತಾತ ಸುಮ್ಮನೆ ಎದ್ದು ಹೋಗುತ್ತಿದ್ದನಂತೆ. ಸೋಮಾರಿ ಅಂತ ಅಜ್ಜಿ ಕೊನೆತನಕ ಬಯ್ದಳು, ಪಾಪ.

ಮತ್ತೆ ತೋಟಕ್ಕೆ ಹೋದಾಗ ಸಾಲಿನ ಅಜ್ಜಿ ನನ್ನ ಕೈಗೆ ಎರಡು ಹಣ್ಣು ಕೊಟ್ಟಳು. ‘ಹಿಸುಕಣ್ಣ.’ ಒಂದರಿಂದ ಬೀಜ ಪುಳಕ್ಕನೆ ಜಾರಿ ಬಂತು. ಇನ್ನೊಂದು ಕಲ್ಲು. ‘ಬೆಳಗ್ಗೆ ಮಂಜು ಮುಸುಕಿದಾಗ ನಮಗೂ ಏನು ಕಾಣುತ್ತೆ? ಬೆರಳಿಗೆ ಕೇಳು’ ಎಂದಳು. ಅವತ್ತು ನನ್ನ ಚೀಲ ಅವಳದ್ದರ ಅರ್ಧವೂ ತುಂಬಲಿಲ್ಲ. ಚಿಕ್ಕಪ್ಪ ಮಾತ್ರ ಬಯ್ಯಲಿಲ್ಲ.

ಇತ್ತ ಚಿಕ್ಕಮ್ಮನಿಗೆ ನಿದ್ದೆ ಬರಲಿಲ್ಲ. ತಾತ ಅವಳಿಗೂ ಅಪ್ಪನೇ ತಾನೆ. ರಾತ್ರಿ ಊಟವಾದ ಮೇಲೆ ಹತ್ತು ವರ್ಷದ ಮಗನನ್ನು ಕೂರಿಸಿ, ತಟ್ಟೆ ತುಂಬ ಹಣ್ಣು, ಕಾಯಿ ಬೆರೆಸಿ ಮುಂದಿಟ್ಟಳು. ‘ಕೆಂಪಿನವು ಮಾತ್ರ ಆರಿಸು ಮಗ.’

ಹುಡುಗ ತಟ್ಟೆ ನೋಡಿದ. ನನ್ನನ್ನು ನೋಡಿದ. ಆಮೇಲೆ ಒಂದೊಂದನ್ನೇ ಎತ್ತಿ, ಹೆಬ್ಬೆರಳಲ್ಲಿ ಹಿಸುಕತೊಡಗಿದ.