ದೂಧಸಾಗರದ ಕೆಳಗೊಂದು ಬಕೆಟ್

ನಮ್ಮ ಮನೆಯಲ್ಲಿ ಈಗ ದೂಧಸಾಗರ ಜಲಪಾತದ ಕೆಳಗೆ ಒಂದು ನೀಲಿ ಬಕೆಟ್ ಇದೆ. ಕುಳೆಂ ನಿಲ್ದಾಣ ಇರಬೇಕಾದ ಜಾಗ ಅದು. ನಿಮಿಷಕ್ಕೆ ಹನ್ನೆರಡು ಹನಿ ಬೀಳುತ್ತದೆ, ನಾನೇ ಎಣಿಸಿದ್ದೇನೆ. ರಾತ್ರಿ ಎರಡು ಗಂಟೆಗೆ ಎದ್ದು ಹನಿ ಎಣಿಸುವ ಮನುಷ್ಯನ ಮನಃಸ್ಥಿತಿ ಹೇಗಿರುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಪುಣೆಗೆ ಹೋದದ್ದೇ ತಪ್ಪಾಯಿತು. ತಂಗಿಯ ಮಗನ ಮುಂಜಿ ಇತ್ತು. ಊಟವಾದ ಮೇಲೆ ಹೊತ್ತು ಹೋಗದೆ ಕೊಥ್ರೂಡಿನಲ್ಲಿರುವ ಜೋಶಿಯವರ ಪುಟಾಣಿ ರೈಲ್ವೆ ಮ್ಯೂಸಿಯಂಗೆ ಹೋದೆವು. ದೀಪ ಹೊತ್ತಿಸಿಕೊಂಡು ಕುಳಿತ ಒಂದು ಊರು, ಅದರ ಸುತ್ತ ಸುಳಿದಾಡುವ ಸಣ್ಣ ಸಣ್ಣ ರೈಲುಗಳು. ಉಳಿದವರು ಐಸ್‌ಕ್ರೀಮು ತಿನ್ನಲು ಹೊರಟರು, ನಾನು ಎರಡನೆಯ ಸಲ ಟಿಕೆಟ್ ತೆಗೆಸಿದೆ. ಆ ಮ್ಯೂಸಿಯಂ ಜನರಿಗೆ ಬಾಗಿಲು ತೆರೆದದ್ದು 1998ರ ಏಪ್ರಿಲ್ 1ರಂದು. "ತಾರೀಖು ನೋಡಿಯಾದರೂ ಎಚ್ಚೆತ್ತುಕೊಳ್ಳಬಹುದಿತ್ತು" ಎಂದು ಹೆಂಡತಿ ಈಗಲೂ ಹೇಳುತ್ತಾಳೆ.

ಬ್ಯಾಂಕಿನಿಂದ ನಿವೃತ್ತಿಯಾದಾಗ ಬಂದ ಹಣದಲ್ಲಿ ಒಂದು ಎಂಜಿನ್, ನಾಲ್ಕು ಬೋಗಿ, ಒಂದು ಹೊರೆ ಹಳಿ ಕೊಂಡೆ. ಎಲ್ಲವೂ 1:87 ಪ್ರಮಾಣದ್ದು. ಅಂದರೆ ಆರಡಿ ಎತ್ತರದ ಆಳು ಇಲ್ಲಿ ಎರಡು ಸೆಂಟಿಮೀಟರಿಗೆ ಇಳಿಯುತ್ತಾನೆ. ಬೆಲೆ ಮಾತ್ರ ಇಳಿಯುವುದಿಲ್ಲ. ಮಗಳು ಮದುವೆಯಾಗಿ ಹೋದ ಮೇಲೆ ಖಾಲಿಯಾದ ಸಣ್ಣ ಕೋಣೆಯ ಮೇಲೆ ಹೆಂಡತಿ ಹೊಲಿಗೆ ಯಂತ್ರಕ್ಕೆಂದು ಕಣ್ಣಿಟ್ಟಿದ್ದಳು. ನಾಲ್ಕು ಸುತ್ತಿನ ಮಾತುಕತೆಯ ನಂತರ ನನಗೆ ಆರಡಿ ಉದ್ದ, ಎರಡೂವರೆ ಅಡಿ ಅಗಲದ ಒಂದು ಪ್ಲೈವುಡ್ ಹಲಗೆ ಮಂಜೂರಾಯಿತು. ಮುಂಬಯಿಯಲ್ಲಿ ಹದಿನೈದು ಚದರ ಅಡಿ ಎಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕೇ? ನಮ್ಮ ಮುಲುಂಡ್ ಸ್ಟೇಷನ್ನಿನ ಹೊರಗೆ ಅಷ್ಟೇ ಜಾಗದಲ್ಲಿ ಒಬ್ಬ ವಡಾಪಾವ್ ಮಾರಿ ಇಬ್ಬರು ಮಕ್ಕಳನ್ನು ಎಂಜಿನಿಯರ್ ಮಾಡಿದ್ದಾನೆ.

ನಾನು ಲೋಂಡಾದಲ್ಲಿ ಬೆಳೆದವನು. ಕಟ್ಟಿದರೆ ಕ್ಯಾಸಲ್ ರಾಕ್‌ನಿಂದ ಕುಳೆಂವರೆಗಿನ ಘಟ್ಟವನ್ನೇ ಕಟ್ಟಬೇಕು ಎಂಬ ಹಟ. ಆ ದಾರಿ 26 ಕಿಲೋಮೀಟರ್. ಅಳತೆಗೆ ಸರಿಯಾಗಿ ಕಟ್ಟಲು ಹೊರಟರೆ ಮುನ್ನೂರು ಮೀಟರ್ ಹಳಿ ಬೇಕು. ಕ್ಯಾಸಲ್ ರಾಕ್ ನಮ್ಮ ಕೋಣೆಯಲ್ಲಿದ್ದರೆ ಕುಳೆಂ ಬೀದಿಯ ತುದಿಯ ಭಾಜಿವಾಲಿಯ ಬುಟ್ಟಿಯ ಪಕ್ಕ ಬರುತ್ತದೆ. ಹಾಗಾಗಿ ಒಂದು ಸುರಂಗ, ಒಂದು ಸೇತುವೆ, ಒಂದು ಜಲಪಾತ, ಎರಡು ನಿಲ್ದಾಣ ಎಂದು ಲೆಕ್ಕ ಮುಗಿಸಿದೆ.

ಹಳಿಯ ಕೆಳಗೆ ಜಲ್ಲಿ ಬೇಕು. ಜಲ್ಲಿಯನ್ನು 87ರಿಂದ ಭಾಗಿಸಿದರೆ ಸಿಗುವುದು ಚಿರೋಟಿ ರವೆ. ಡಬ್ಬಿಯಿಂದ ಎರಡು ಲೋಟ ಕದ್ದು, ಬೂದು ಬಣ್ಣ ಹಚ್ಚಿ ಒಣಗಿಸಿ, ಹಳಿಯ ನಡುವೆ ಹರಡಿ, ಹಳೆಯ ಬ್ರಷ್ಷಿನಿಂದ ಒಪ್ಪ ಮಾಡಿದೆ. ಮೇಲೆ ನೀರು ಚಿಮುಕಿಸಿ, ಅರ್ಧಕ್ಕರ್ಧ ನೀರು ಬೆರೆಸಿದ ಫೆವಿಕಾಲನ್ನು ಕಿವಿಗೆ ಔಷಧಿ ಹಾಕುವ ಡ್ರಾಪರಿನಿಂದ ಹನಿಹನಿಯಾಗಿ ಬಿಡಬೇಕು. ಅದಕ್ಕೆ ಪಾತ್ರೆ ತೊಳೆಯುವ ಸೋಪು ಒಂದು ತೊಟ್ಟು ಸೇರಿಸಬೇಕು. ಇಲ್ಲದಿದ್ದರೆ ಅಂಟು ಒಳಗೆ ಇಳಿಯದೆ ಕೆಸುವಿನೆಲೆಯ ಮೇಲಿನ ನೀರಿನಂತೆ ಉರುಳಾಡುತ್ತದೆ. ಎರಡು ಸಂಜೆಯ ಕೆಲಸ, ಒಂದು ವಾರದ ಸೊಂಟನೋವು. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಅಂಟು ತಾಗದ ಅಂಚಿನ ಜಲ್ಲಿಯನ್ನೆಲ್ಲ ಇರುವೆಗಳು ಹೊತ್ತುಕೊಂಡು ಸಾಲಾಗಿ ಸುರಂಗದೊಳಗೆ ಹೋಗುತ್ತಿದ್ದವು. ಶಿಸ್ತಿನಲ್ಲಿ ಥೇಟ್ ಗ್ಯಾಂಗ್‌ಮನ್‌ಗಳು. ಆಮೇಲೆ ಅಕ್ವೇರಿಯಂ ಅಂಗಡಿಯ ಮರಳನ್ನು ತಂದು ಜರಡಿ ಹಿಡಿದೆ. ಯಾವ ಜರಡಿ ಎಂಬುದು ಅಡುಗೆಮನೆಗೆ ಇನ್ನೂ ಗೊತ್ತಿಲ್ಲ.

ಗುಡ್ಡಕ್ಕೆ ಫ್ರಿಜ್ಜಿನ ಜೊತೆ ಬಂದ ಥರ್ಮಾಕೋಲು. ಅದನ್ನು ಕುಯ್ದ ದಿನದಿಂದ ಇಂದಿನವರೆಗೂ ಬಿಳಿ ಕಾಳುಗಳು ಸೀರೆಯ ನಿರಿಗೆಯಲ್ಲಿ, ದೋಸೆಹಿಟ್ಟಿನಲ್ಲಿ ಪ್ರತ್ಯಕ್ಷವಾಗುತ್ತಲೇ ಇವೆ. ಕಾಡಿನ ನೆಲಕ್ಕೆ ಚಹಾದ ಚರಟವನ್ನು ತೊಳೆದು, ಬಾಲ್ಕನಿಯಲ್ಲಿ ಒಣಗಿಸಿ ಹರಡಿದೆ. ತರಗೆಲೆ ಬಿದ್ದ ಸಹ್ಯಾದ್ರಿ ಎಂದರೆ ಅದೇ. ಇಷ್ಟು ದೊಡ್ಡ ಕಾಡಿಗೆ ಬೇಕಾಗುವಷ್ಟು ಚಹಾವನ್ನು ಗಂಡಹೆಂಡಿರಿಬ್ಬರೇ ಕುಡಿಯಲು ಸಾಧ್ಯವಿಲ್ಲ. ಅರ್ಧ ಕಾಡು ಮೇಲಿನ ಮನೆಯ ಗಾರ್ಡ್ ಸಾಹೇಬರ ಕೊಡುಗೆ.

ಸಾಹೇಬರು ಹುಬ್ಬಳ್ಳಿ ಕಡೆಯವರು. ಮೂವತ್ತೈದು ವರ್ಷ ಗೂಡ್ಸ್ ಗಾಡಿಯಿಂದ ಮೇಲ್ ಗಾಡಿಯವರೆಗೆ ಎಲ್ಲದರ ಬಾಲದಲ್ಲಿ ಕುಳಿತು ಬಂದವರು. 2022ರಲ್ಲಿ ರೈಲ್ವೆಯವರು ಗಾರ್ಡ್ ಹುದ್ದೆಗೆ ಟ್ರೇನ್ ಮ್ಯಾನೇಜರ್ ಎಂದು ಹೊಸ ಹೆಸರಿಟ್ಟಾಗ ಅವರು ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. "ದುಡಿಯುವಾಗ ಗಾರ್ಡು, ಮನೆಯಲ್ಲಿ ಕುಳಿತ ಮೇಲೆ ಮ್ಯಾನೇಜರು!" ಎಂದು ಒಂದು ವಾರ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಹೇಳಿದರು. ಕೈತಪ್ಪಿದ ಆ ಮ್ಯಾನೇಜರ್‌ಗಿರಿಯನ್ನು ಈಗ ನನ್ನ ಪ್ಲೈವುಡ್ಡಿನ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ.

ದಿನಾ ಸಂಜೆ ಐದು ಹತ್ತಕ್ಕೆ ಬಾಗಿಲ ಗಂಟೆ ಬಾರಿಸುತ್ತದೆ. ಐದೂ ಒಂಬತ್ತಲ್ಲ, ಐದೂ ಹನ್ನೊಂದಲ್ಲ. "ತಂಗೀ, ಚಹಾ ಆಯಿತೇನಮ್ಮ?" ಎಂದು ಒಳಗೆ ಕೇಳಿ, ದೂರದ ಕನ್ನಡಕ ತೆಗೆದು ಹತ್ತಿರದ್ದನ್ನು ಏರಿಸಿ, ಅಂಗಿಯ ಜೇಬಿನಿಂದ ಆರಿಂಚಿನ ಸ್ಟೀಲ್ ಪಟ್ಟಿ ತೆಗೆಯುತ್ತಾರೆ. ಮೊದಲು ಮಂತ್ರ: 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ಮೊದಲ ಗಾಡಿ ಇದೇ ಮುಲುಂಡಿನ ಮೇಲೆ ಹಾದುಹೋಯಿತು, ಹದಿನಾಲ್ಕು ಡಬ್ಬಿ, ಮೂರು ಎಂಜಿನ್. ಆಮೇಲೆ ಅರ್ಚನೆ.

"ರಾಯರೇ, ಗೇಜು ಹದಿನಾರೂವರೆ ಮಿಲಿಮೀಟರ್ ಇದೆಯಲ್ಲ?"

"ಹೌದು, ಆ ಪ್ರಮಾಣಕ್ಕೆ ಅದೇ ಸಿಗುವುದು."

ದಿನಪತ್ರಿಕೆಯ ಅಂಚಿನಲ್ಲಿ ಗುಣಾಕಾರ ನಡೆಯಿತು. "1435 ಮಿಲಿಮೀಟರ್ ಆಯಿತು. ನಮ್ಮ ಬ್ರಾಡ್‌ಗೇಜ್ 1676. ಆ ಘಟ್ಟದಲ್ಲಿ ಮೊದಲು ಇದ್ದದ್ದು ಮೀಟರ್‌ಗೇಜ್, 1000. ನಿಮ್ಮದು ಅದೂ ಅಲ್ಲ, ಇದೂ ಅಲ್ಲ. 1435 ಎಂದರೆ ಮುಂಬಯಿ ಮೆಟ್ರೋ. ನೀವು ಘಾಟ್ಕೋಪರದ ಮೆಟ್ರೋವನ್ನು ದೂಧಸಾಗರಕ್ಕೆ ಹತ್ತಿಸುತ್ತಿದ್ದೀರಿ."

ಮರುದಿನ ತಿರುವಿನ ಸರದಿ. ನನ್ನ ಹಲಗೆಯ ಅಗಲಕ್ಕೆ 360 ಮಿಲಿಮೀಟರ್ ತ್ರಿಜ್ಯದ ತಿರುವು ಹೇಗೋ ಹಿಡಿಸುತ್ತದೆ. ರೈಲ್ವೆಯಲ್ಲಿ ತಿರುವನ್ನು ಡಿಗ್ರಿಯಲ್ಲಿ ಅಳೆಯುತ್ತಾರಂತೆ: 1750ನ್ನು ಮೀಟರಿನಲ್ಲಿರುವ ತ್ರಿಜ್ಯದಿಂದ ಭಾಗಿಸಬೇಕು. ಬ್ರಾಡ್‌ಗೇಜಿನಲ್ಲಿ ಹತ್ತು ಡಿಗ್ರಿಗಿಂತ ಹೆಚ್ಚಿರಬಾರದು, ಮೀಟರ್‌ಗೇಜಿಗೆ ಹದಿನಾರು. ನನ್ನದು ಐವತ್ತಾರು ಬಂತು. ಸಾಹೇಬರು ಕನ್ನಡಕ ತೆಗೆದು ಮುಖ ಒರೆಸಿಕೊಂಡರು. "ಇದರಲ್ಲಿ ಪ್ಯಾಸೆಂಜರ್ ಇದ್ದಾರೆಯೇ?" ಎಂದು ಸಣ್ಣ ದನಿಯಲ್ಲಿ ಕೇಳಿದರು.

ಮೂರನೆಯ ದಿನ ಜಲಪಾತ. ದೂಧಸಾಗರದ ಎತ್ತರ 310 ಮೀಟರ್. 87ರಿಂದ ಭಾಗಿಸಿದರೆ ಮೂರೂವರೆ ಮೀಟರಿಗೂ ಜಾಸ್ತಿ, ಹನ್ನೊಂದೂವರೆ ಅಡಿಯ ಮೇಲೆ. ನನ್ನದು ಒಂದೂವರೆ ಅಡಿ. ಮೇಜಿನ ಎತ್ತರ ಎರಡೂವರೆ ಅಡಿ, ನಮ್ಮ ಛಾವಣಿ ಒಂಬತ್ತೂವರೆ ಅಡಿ, ನಡುವೆ ಸ್ಲ್ಯಾಬು ಅರ್ಧ ಅಡಿ. ಸಾಹೇಬರು ತಲೆಯೆತ್ತಿ ಛಾವಣಿಯನ್ನು ನೋಡಿದರು, ಲೆಕ್ಕ ನೋಡಿದರು, ಮತ್ತೆ ಛಾವಣಿ ನೋಡಿದರು. "ಸರಿಯಾಗಿ ಮಾಡುವುದಾದರೆ ನೀರು ನಮ್ಮ ಮನೆಯ ನೆಲದಿಂದ ನಾಲ್ಕಡಿ ಮೇಲೆ ಶುರುವಾಗಬೇಕು. ಅಲ್ಲಿ ನಮ್ಮ ಸ್ನಾನದ ಮನೆಯ ನಲ್ಲಿ ಇದೆ" ಎಂದರು. ಇಬ್ಬರೂ ನಕ್ಕೆವು. ಹೆಂಡತಿಯೂ ನಕ್ಕು ಇನ್ನೊಂದು ಲೋಟ ಚಹಾ ತಂದಳು. ನಗಬಾರದಿತ್ತು.

ಇಷ್ಟೆಲ್ಲ ಸಹಿಸಿಕೊಂಡೆ. ಆದರೆ ಒಂದು ದಿನ ಅವರು ಏನೂ ಅಳೆಯದೆ, ಚಹಾ ಆರಿದರೂ ಕುಡಿಯದೆ ಸುಮ್ಮನೆ ಕುಳಿತರು. ಏನಾಯಿತು ಎಂದರೆ, "ಹಿಂದೆ ಯಾರೂ ಇಲ್ಲವಲ್ಲ" ಎಂದರು. ಎಂಜಿನ್ನಿನಲ್ಲಿ ಚಾಲಕ ಇದ್ದ. ನಿಲ್ದಾಣದಲ್ಲಿ ಮಾಸ್ತರು, ಕೂಲಿ, ಒಂದು ನಾಯಿ ಕೂಡ ಇತ್ತು. ಗಾರ್ಡ್ ಇರಲಿಲ್ಲ. ನನಗೆ ನಿಜಕ್ಕೂ ಹೊಳೆದಿರಲಿಲ್ಲ. ಆ ರಾತ್ರಿಯೇ ಒಬ್ಬ ಕೂಲಿಯ ತಲೆಯ ಮೇಲಿನ ಪೆಟ್ಟಿಗೆಯನ್ನು ಬ್ಲೇಡಿನಿಂದ ಕೆತ್ತಿ ತೆಗೆದು, ಬಿಳಿ ಬಣ್ಣದ ಅಂಗಿ ಪ್ಯಾಂಟು ತೊಡಿಸಿ, ಕೈಗೆ ಸೂಜಿಮೊನೆಯಷ್ಟು ಹಸಿರು ಬಾವುಟ ಕೊಟ್ಟು ಕೊನೆಯ ಬೋಗಿಯ ಬಾಗಿಲಲ್ಲಿ ನಿಲ್ಲಿಸಿದೆ. ಮರುದಿನ ಐದು ಹತ್ತಕ್ಕೆ ಬಂದವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. "ಹೊಟ್ಟೆ ಸ್ವಲ್ಪ ಜಾಸ್ತಿಯಾಯಿತು" ಎಂದರು. ಆದರೆ ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಸಲ ತಿರುಗಿ ನೋಡಿದರು.

ಅವರ ಕಾಟವನ್ನು ನಾನು ಯಾಕೆ ಸಹಿಸುತ್ತೇನೆ ಎಂದು ಹೆಂಡತಿ ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಅರವತ್ತರ ದಶಕದ ಕೊನೆಯಲ್ಲಿ, ನನಗೆ ಎಂಟು ವರ್ಷವಿರಬೇಕು, ಅಪ್ಪ ಕುಳೆಂಗೆ ಕರೆದುಕೊಂಡು ಹೋಗಿದ್ದರು. ವಾಪಸು ಬರುವಾಗ ಮುಂದೆ ಒಂದು ಎಂಜಿನ್ ಎಳೆಯುತ್ತಿತ್ತು, ಹಿಂದಿನಿಂದ ಇನ್ನೊಂದು ನೂಕುತ್ತಿತ್ತು. ಸುರಂಗ ಬಂದಾಗ ಅಪ್ಪ ಕಿಟಕಿ ಎಳೆಯುವುದರೊಳಗೆ ಹೊಗೆ ನುಗ್ಗಿತು. ಕತ್ತಲೆಯಲ್ಲಿ ಎಲ್ಲ ಹುಡುಗರೂ ಕೂಗಿದೆವು. ಬೆಳಕಿಗೆ ಬಂದಾಗ ಅಪ್ಪನ ಬಿಳಿ ಧೋತರದ ಮೇಲೆ ಮಸಿ, ಮೊಸರನ್ನದ ಮೇಲೂ ಮಸಿ. ಅಪ್ಪ ಮೇಲಿನ ಕರಿ ಪದರವನ್ನು ಬೆರಳಿನಿಂದ ಸರಿಸಿ, ಕೆಳಗಿನ ಬಿಳಿ ಅನ್ನವನ್ನು ನನಗೆ ಕೊಟ್ಟು, ಸರಿಸಿದ್ದನ್ನು ತಾವು ತಿಂದರು. ಆ ಮೀಟರ್‌ಗೇಜು ತೊಂಬತ್ತರ ದಶಕದಲ್ಲಿ ಹೋಯಿತು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದರು. ನನ್ನ ಸುರಂಗದ ಬಾಯಿಗೆ ನಾನು ಹಚ್ಚಿದ ಕಪ್ಪು ಬಣ್ಣ ಬಹಳ ಹೆಚ್ಚಾಯಿತು ಎಂದು ನೋಡಿದವರೆಲ್ಲ ಹೇಳುತ್ತಾರೆ. ಸಾಹೇಬರು ಮಾತ್ರ ಅದಕ್ಕೆ ಪಟ್ಟಿ ಹಿಡಿಯಲಿಲ್ಲ. "ಇಷ್ಟು ಇರುತ್ತಿತ್ತು" ಎಂದರು.

ಇನ್ನು ಮೊನ್ನೆ ಮಂಗಳವಾರದ ವಿಷಯ. ಎರಡು ವರ್ಷದ ಹಿಂದೆ ಸಾಹೇಬರು ಸೊಸೆಯ ಒತ್ತಾಯಕ್ಕೆ ಸ್ನಾನದ ಮನೆಯನ್ನು ಎರಡಡಿ ಹಿಗ್ಗಿಸಿದ್ದರು. ಆ ಎರಡಡಿ ಸರಿಯಾಗಿ ನನ್ನ ಸಹ್ಯಾದ್ರಿಯ ನೆತ್ತಿಯ ಮೇಲೆ ಬರುತ್ತದೆ. ಬೆಳಿಗ್ಗೆ ಬಾಗಿಲು ತೆರೆದರೆ ಛಾವಣಿಯಲ್ಲಿ ಗೋವಾದ ನಕಾಶೆಯಂಥ ಒಂದು ಒದ್ದೆ ಕಲೆ, ಅದರ ನಡುವಿನಿಂದ ನೀರು. ಪ್ಲಾಸ್ಟರು ಗಂಜಿಯಾಗಿತ್ತು. ಒಣಗಿ ಗಾಜಿನಂತಾಗಿದ್ದ ಫೆವಿಕಾಲು ಮತ್ತೆ ಹಾಲಾಗಿ, ಜಲ್ಲಿಯನ್ನು ಎತ್ತಿಕೊಂಡು ಕ್ಯಾಸಲ್ ರಾಕ್‌ನಿಂದ ಇಳಿದು ಹೋಗಿತ್ತು. ಚಹಾದ ಕಾಡು ಎರಡನೆಯ ಸಲ ಡಿಕಾಕ್ಷನ್ ಬಿಟ್ಟಿತ್ತು. ಅಷ್ಟರ ನಡುವೆ ನಾನು ಪಾರದರ್ಶಕ ಸಿಲಿಕೋನನ್ನು ಎಳೆ ಎಳೆಯಾಗಿ ಎಳೆದು, ಹತ್ತಿ ಅಂಟಿಸಿ ಮಾಡಿದ ದೂಧಸಾಗರ ಒಂದೇ ಗಟ್ಟಿಯಾಗಿ ನಿಂತಿತ್ತು. ಆ ಸಿಲಿಕೋನು ಸ್ನಾನದ ಮನೆಯ ಸಂದಿಗೆ ಹಚ್ಚುವಂಥದ್ದು. ನಕಲಿ ನೀರಿಗೆ ಮೂರು ಟ್ಯೂಬು ಸುರಿದಿದ್ದೇನೆ. ಅದರಲ್ಲಿ ಒಂದನ್ನು ಮೇಲಿನ ಮನೆಗೆ ದಾನ ಮಾಡಿದ್ದರೆ ಅಸಲಿ ನೀರು ನಿಲ್ಲುತ್ತಿತ್ತು.

ಸೊಸೈಟಿಯ ಸೆಕ್ರೆಟರಿಗೆ ಹೇಳಿದೆ. ಎರಡು ಮನೆಗಳ ನಡುವಿನ ಸೋರಿಕೆಯನ್ನು ಸದಸ್ಯರೇ ಪರಸ್ಪರ ಬಗೆಹರಿಸಿಕೊಳ್ಳಬೇಕೆಂದು ಹೇಳಿ, ಹಾಳಾದ ವಸ್ತು ಏನು ಎಂದು ಬರೆದುಕೊಳ್ಳಲು ಪೆನ್ನು ತೆಗೆದರು. "ಬೆಟ್ಟ" ಎಂದೆ. ಪೆನ್ನನ್ನು ಜೇಬಿಗೆ ಹಾಕಿಕೊಂಡರು.

ಸಾಹೇಬರನ್ನು ಕರೆದೆ. ಜೀವಮಾನದಲ್ಲಿ ಮೊದಲ ಬಾರಿ ಐದು ಹತ್ತಕ್ಕೆ ಮುಂಚೆ ಬಂದರು. ಬೈಯಬೇಕೆಂದು ಬೆಳಗಿನಿಂದ ವಾಕ್ಯಗಳನ್ನು ಜೋಡಿಸಿಕೊಂಡು ಕುಳಿತಿದ್ದೆ. ಅವರು ಛಾವಣಿ ನೋಡಲಿಲ್ಲ, ಬೆಟ್ಟ ನೋಡಲಿಲ್ಲ, "ಗಾರ್ಡ್ ಎಲ್ಲಿ?" ಎಂದರು. ಕೊನೆಯ ಬೋಗಿ ಮಗುಚಿ ಬಿದ್ದಿತ್ತು, ಬಾಗಿಲು ಖಾಲಿ. ಎಪ್ಪತ್ತು ದಾಟಿದ ಮನುಷ್ಯ ಟಾರ್ಚ್ ಹಿಡಿದು ಮೇಜಿನ ಕೆಳಗೆ ಮಂಡಿಯೂರಿದರು. ಇನ್ನೊಂದು ಕಡೆಯಿಂದ ನಾನೂ ಮಂಡಿಯೂರಿದೆ. ಕಸ ಗುಡಿಸಲು ಬಂದ ಬಾಯಿ ನಮ್ಮಿಬ್ಬರನ್ನೂ ನೋಡಿ ಪೊರಕೆ ಹಿಡಿದುಕೊಂಡೇ ಹಿಂದೆ ಸರಿದಳು. ಅರ್ಧ ಗಂಟೆಯ ನಂತರ ಗಾರ್ಡ್ ಸೇತುವೆಯ ಬುಡದ ಬಿಳಿ ಕೆಸರಿನಲ್ಲಿ ಸೊಂಟದವರೆಗೆ ಹೂತು ಸಿಕ್ಕಿದ. ಬಾವುಟದ ಕೈ ಮುರಿದಿತ್ತು.

ಸಾಹೇಬರು ಅವನನ್ನು ಅಂಗೈಯಲ್ಲಿಟ್ಟುಕೊಂಡು ಊದಿ, ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು. "ಸಿಕ್ ರಿಪೋರ್ಟ್ ಮಾಡಿದ್ದಾನೆ ಎಂದು ಬರೆದುಕೊಳ್ಳಿ" ಎಂದು ಹೇಳಿ ಮೇಲೆ ಹೋದರು. ನಾನು ಜೋಡಿಸಿಟ್ಟುಕೊಂಡಿದ್ದ ವಾಕ್ಯಗಳು ಹಾಗೆಯೇ ಉಳಿದಿವೆ. ಪ್ಲಂಬರು ಮೂರು ದಿನದಿಂದ ನಾಳೆ ಬರುತ್ತಿದ್ದಾನೆ. ನಿನ್ನೆ ಐದು ಹತ್ತಕ್ಕೆ ಸಾಹೇಬರು ಬಂದು ಬಕೆಟ್ಟಿಗೂ ಹಳಿಗೂ ನಡುವಿನ ಅಂತರವನ್ನು ಪಟ್ಟಿಯಿಂದ ಅಳೆದರು. ಗಾಡಿ ಹಾಯಲು ಒಂದೂವರೆ ಸೆಂಟಿಮೀಟರ್ ಸಾಲದಂತೆ. ನೀಟಾದ ಅಕ್ಷರಗಳಲ್ಲಿ ಒಂದು ಕಾಷನ್ ಆರ್ಡರ್ ಬರೆದು ನನ್ನ ಕೈಯಲ್ಲಿಟ್ಟು ಸಹಿ ಮಾಡಿಸಿಕೊಂಡರು: ಮುಂದೆ ಬಕೆಟ್ ಇದೆ, ವೇಗ ಹತ್ತು ಕಿಲೋಮೀಟರ್, ಸೀಟಿ ಹಾಕಿಕೊಂಡು ಹೋಗಬೇಕು.