ಸ್ವಲ್ಪ ಮ್ಯಾನೇಜ್ ಮಾಡ್ಕೊಳ್ಳಿ

ಅಕ್ಕನ ಮಗನಿಗೆ ಪಿಯುಸಿಯಲ್ಲಿ 61 ಪರ್ಸೆಂಟ್ ಬಂತು. ಇಂಜಿನಿಯರಿಂಗ್ ಬೇಡ ಅಂದ. ಬಿಕಾಂ ಬೋರು ಅಂದ. ಮೂರು ದಿನ ರೂಮಿನ ಬಾಗಿಲು ಹಾಕ್ಕೊಂಡು ಮೊಬೈಲ್ ನೋಡಿ, ನಾಲ್ಕನೇ ದಿನ ಹೊರಗೆ ಬಂದು "ಬಿಬಿಎ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಮಾಡ್ತೀನಿ" ಅಂತ ಘೋಷಿಸಿದ. ಭಾವ ಪೇಪರ್ ಮಡಿಸಿಟ್ಟು, "ಹಂಗಂದ್ರೆ ಪಿಟಿ ಮಾಸ್ಟರ್ ಆಗೋದಾ?" ಅಂತ ಕೇಳಿದರು. ಆವತ್ತು ರಾತ್ರಿ ಹುಡುಗ ಊಟ ಮಾಡಲಿಲ್ಲ.

ಕಾಲೇಜು ನೋಡೋಕೆ ನನ್ನನ್ನೂ ಕರೆದುಕೊಂಡು ಹೋದರು. ಬೆಂಗಳೂರಿನ ಒಂದು ಮುಖ್ಯರಸ್ತೆಯಲ್ಲಿ ಐದಂತಸ್ತಿನ ಕಟ್ಟಡ. ಕೆಳಗೆ ಬೇಕರಿ, ಮೇಲೆ ಬ್ಯಾಂಕು, ಅದರ ಮೇಲೆ ಕಾಲೇಜು. ಲಿಫ್ಟ್ ಕೆಟ್ಟಿತ್ತು. ನಾಲ್ಕು ಮಹಡಿ ಹತ್ತಿದ್ದೇ ಆ ಸಂಸ್ಥೆಯಲ್ಲಿ ನಾವು ಕಂಡ ಏಕೈಕ ದೈಹಿಕ ಚಟುವಟಿಕೆ. ಬ್ರೋಷರ್‌ ಮುಖಪುಟದಲ್ಲಿ ಯಾವುದೋ ಯುರೋಪಿನ ಫುಟ್‌ಬಾಲ್ ಸ್ಟೇಡಿಯಂ, ಎದುರಿಗೆ ಕೋಟು ಹಾಕಿದ ಹುಡುಗ ಕೈಕಟ್ಟಿ ನಿಂತಿದ್ದಾನೆ. ಅವನ ಕೈಯಲ್ಲೂ ಚೆಂಡಿಲ್ಲ, ಕಾಲಲ್ಲೂ ಇಲ್ಲ.

"ಗ್ರೌಂಡ್ ಎಲ್ಲಿದೆ ಮೇಡಂ?" ಅಂತ ಭಾವ ಕೇಳಿದರು.

"ಗ್ರೌಂಡ್ ಫ್ಲೋರ್ ಬೇಕರಿ ಬಿಟ್ಟರೆ ಪೂರ್ತಿ ಪಾರ್ಕಿಂಗ್ ಸರ್."

"ಅಲ್ಲಮ್ಮ, ಆಟದ ಮೈದಾನ."

"ಓ, ಅದಾ! ಪಕ್ಕದ ರಸ್ತೆಯ ಟರ್ಫ್ ಜೊತೆ ಟೈಅಪ್ ಇದೆ ಸರ್. ಗಂಟೆ ಲೆಕ್ಕ, ಮಕ್ಕಳೇ ಶೇರ್ ಮಾಡ್ಕೋತಾರೆ. ಅಷ್ಟಕ್ಕೂ ಇದು ಆಡೋ ಕೋರ್ಸ್ ಅಲ್ಲ ಸರ್, ಆಡಿಸೋ ಕೋರ್ಸ್. ಮೊದಲ ವರ್ಷ ಸ್ವಲ್ಪ ಮ್ಯಾನೇಜ್ ಮಾಡ್ಕೊಳ್ಳಿ."

ಆ ಮೇಡಂಗೆ ಗೊತ್ತಿಲ್ಲದೆ ಮೂರು ವರ್ಷದ ಪಾಠವನ್ನು ಮೂರು ಪದದಲ್ಲಿ ಮುಗಿಸಿಬಿಟ್ಟರು. (ಮೂರು ವರ್ಷವೋ ನಾಲ್ಕೋ ಅನ್ನೋದು ಇನ್ನೊಂದು ಕಥೆ. 2021ರಲ್ಲಿ ನಮ್ಮ ರಾಜ್ಯದಲ್ಲಿ ಡಿಗ್ರಿ ನಾಲ್ಕು ವರ್ಷ ಅಂದರು, 2024ರಲ್ಲಿ ಮತ್ತೆ ಮೂರೇ ಅಂದರು. ಅದನ್ನೂ ಮಕ್ಕಳು ಮ್ಯಾನೇಜ್ ಮಾಡ್ಕೊಂಡರು.)

ಇಂಗ್ಲಿಷಿನವರ ಮ್ಯಾನೇಜ್‌ಮೆಂಟ್ ಬೇರೆ, ನಮ್ಮ ಮ್ಯಾನೇಜ್ ಬೇರೆ. ಅವರದ್ದು ಮೊದಲೇ ಯೋಚನೆ ಮಾಡಿ ಕೆಲಸ ಆಗೋ ಹಾಗೆ ನೋಡಿಕೊಳ್ಳೋದು. ನಮ್ಮದು ಯಾರೂ ಯೋಚನೆ ಮಾಡದೆ ಇದ್ದಿದ್ದಕ್ಕೆ, ಎದುರಿಗೆ ನಿಂತವನು ಹೇಗೋ ಸುಧಾರಿಸಿಕೊಳ್ಳೋದು. "ಒಂದು ರೂಮಿಗೆ ಹನ್ನೆರಡು ಜನ ಮಲಗ್ಬೇಕು, ಮ್ಯಾನೇಜ್ ಮಾಡ್ಕೊಳ್ಳಿ." "ರಿಸರ್ವೇಷನ್ ಆಗಿಲ್ಲ, ಜನರಲ್ ಬೋಗಿಯಲ್ಲಿ ಮ್ಯಾನೇಜ್ ಮಾಡ್ಕೊಳ್ಳಿ." ಈ ದೇಶದಲ್ಲಿ ರಾಜ್ಯಮಟ್ಟಕ್ಕೆ ಆಡಿದ ಯಾರನ್ನಾದರೂ ಕೇಳಿ ನೋಡಿ. ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಮಾಡಿದ್ದೆಲ್ಲ ಆಟಗಾರರೇ. ಡಿಗ್ರಿ ಮಾತ್ರ ಅವರಿಗೆ ಕೊಟ್ಟಿಲ್ಲ.

ಈ ಓದು ಶುರುವಾಗಿದ್ದು ಅಮೆರಿಕದಲ್ಲಿ. ಸ್ಟೇಡಿಯಂ ನಡೆಸೋಕೆ ಓದಿಕೊಂಡವರು ಎಲ್ಲಿ ಸಿಗುತ್ತಾರೆ ಅಂತ ಬೇಸ್‌ಬಾಲ್ ತಂಡದ ಮಾಲೀಕರೊಬ್ಬರು 1957ರಲ್ಲಿ ಒಬ್ಬ ಪ್ರೊಫೆಸರ್‌ಗೆ ಪತ್ರ ಬರೆದರಂತೆ. 1966ರಲ್ಲಿ ಒಹಾಯೊ ವಿಶ್ವವಿದ್ಯಾಲಯದಲ್ಲಿ ಕೋರ್ಸೇ ಶುರುವಾಯಿತು. ನಮ್ಮಲ್ಲಿ ಆ ಪ್ರಶ್ನೆ ಯಾರಿಗೂ ಬರಲಿಲ್ಲ. ಬರೋ ಕಾರಣವೂ ಇರಲಿಲ್ಲ. ಕುರ್ಚಿ ಖಾಲಿ ಆದರೆ ತಾನೆ ಅದಕ್ಕೆ ಯಾರು ಬೇಕು ಅಂತ ಹುಡುಕೋದು?

ನಮ್ಮ ಬಿಲ್ಲುಗಾರಿಕೆ ಸಂಘಕ್ಕೆ ಸುಮಾರು 40 ವರ್ಷ ಒಬ್ಬರೇ ಅಧ್ಯಕ್ಷರಿದ್ದರು. ಬಿಲ್ಲು ಹಿಡಿದವರು ಬದಲಾದರು, ಕುರ್ಚಿ ಹಿಡಿದವರು ಬದಲಾಗಲಿಲ್ಲ. ಫುಟ್‌ಬಾಲ್ ಫೆಡರೇಷನ್ನಿನಲ್ಲಿ 1988ರಿಂದ 2008ರವರೆಗೆ ಒಬ್ಬ ರಾಜಕಾರಣಿ. ಆಮೇಲೆ 2022ರವರೆಗೆ ಇನ್ನೊಬ್ಬ ರಾಜಕಾರಣಿ. ಆತ ಅವಧಿ ಮುಗಿದರೂ ಏಳದೆ, ಕೊನೆಗೆ ಸುಪ್ರೀಂ ಕೋರ್ಟ್ ಏಳಿಸಬೇಕಾಯಿತು. ಆ ಗಲಾಟೆಯಲ್ಲಿ ಫಿಫಾ ನಮ್ಮನ್ನು 2022ರ ಆಗಸ್ಟ್‌ನಲ್ಲಿ ಹತ್ತು ದಿನ ಅಮಾನತು ಮಾಡಿತು. 2014ರ ಸೋಚಿ ಚಳಿಗಾಲದ ಒಲಿಂಪಿಕ್ಸ್ ನೆನಪಿದೆಯಾ? ನಮ್ಮ ಮೂವರು ಆಟಗಾರರು ತ್ರಿವರ್ಣ ಬಿಟ್ಟು ಒಲಿಂಪಿಕ್ ಬಾವುಟದ ಹಿಂದೆ ನಡೆದರು. ನಮ್ಮ ಒಲಿಂಪಿಕ್ ಸಂಸ್ಥೆ ಆಗ ಅಮಾನತಿನಲ್ಲಿತ್ತು. ಬೇರೆಯವರಿಗೆ ಹಿಮದಲ್ಲಿ ಜಾರೋ ಚಿಂತೆ. ನಮ್ಮವರಿಗೆ ಬಾವುಟದ ಚಿಂತೆ. ಮ್ಯಾನೇಜ್ ಮಾಡ್ಕೊಂಡರು.

ಈಗ ಎಲ್ಲ ಸರಿಹೋಗುತ್ತದಂತೆ. 2025ರಲ್ಲಿ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಬಂದಿದೆ. ಫೆಡರೇಷನ್ನಿನ ಕಾರ್ಯಕಾರಿ ಸಮಿತಿಯಲ್ಲಿ ಹೆಚ್ಚೆಂದರೆ 15 ಜನ, ಅದರಲ್ಲಿ ಕನಿಷ್ಠ ಇಬ್ಬರು ಹೆಸರು ಮಾಡಿದ ಆಟಗಾರರು ಇರಲೇಬೇಕು. ಹದಿನೈದಕ್ಕೆ ಇಬ್ಬರು. ಎಲೆ ತುದಿಯ ಉಪ್ಪಿನಕಾಯಿ ಲೆಕ್ಕ. ಕ್ರೀಡಾ ಸಂಸ್ಥೆಯಲ್ಲಿ ಕ್ರೀಡಾಪಟು ಇರಲಿ ಅಂತ ಪಾರ್ಲಿಮೆಂಟು ಕಾನೂನು ಮಾಡಬೇಕಾಗಿ ಬಂತು ಅನ್ನೋದನ್ನು ಇನ್ನೊಂದು ಸಲ ನಿಧಾನವಾಗಿ ಓದಿಕೊಳ್ಳಿ. ವಯಸ್ಸಿನ ಮಿತಿಯೂ ಇದೆ, 70. ಅಂತಾರಾಷ್ಟ್ರೀಯ ನಿಯಮ ಒಪ್ಪಿದರೆ 75ರವರೆಗೂ ನಿಲ್ಲಬಹುದು. ಓಟಗಾರ 32ಕ್ಕೆ ಮುದುಕ, ಅವನ ಸಂಘದ ಅಧ್ಯಕ್ಷ 70ಕ್ಕೆ ಉದಯೋನ್ಮುಖ ಪ್ರತಿಭೆ.

ಎರಡನೇ ಸೆಮಿಸ್ಟರ್‌ನಲ್ಲಿ ಹುಡುಗನಿಗೆ 'ಫೆಸಿಲಿಟಿ ಮ್ಯಾನೇಜ್‌ಮೆಂಟ್' ಅಂತ ಒಂದು ಪೇಪರ್ ಇತ್ತು. ಕ್ರೀಡಾಂಗಣವನ್ನು ಹೆಚ್ಚು ಜನಕ್ಕೆ ಉಪಯೋಗ ಆಗುವಂತೆ ನಡೆಸೋದು ಹೇಗೆ ಅಂತ ಅಸೈನ್‌ಮೆಂಟ್. ನಾನು ಅವನಿಗೆ ದೆಹಲಿಯ ತ್ಯಾಗರಾಜ ಸ್ಟೇಡಿಯಂ ಬಗ್ಗೆ ಬರಿ ಅಂದೆ. ಅಲ್ಲಿ ಅಥ್ಲೀಟ್‌ಗಳನ್ನು ಸಂಜೆ ಏಳಕ್ಕೇ ಹೊರಗೆ ಕಳಿಸ್ತಾರೆ ಅಂತ 2022ರ ಮೇನಲ್ಲಿ ಪತ್ರಿಕೆಯಲ್ಲಿ ಬಂತು. ಅವರೆಲ್ಲ ಹೋದ ಮೇಲೆ ಐಎಎಸ್ ಅಧಿಕಾರಿಯೊಬ್ಬರು ನಾಯಿ ಜೊತೆ ವಾಕಿಂಗ್ ಬರ್ತಿದ್ದರಂತೆ. ಸುದ್ದಿ ಬಂದ ದಿನವೇ ಅವರಿಗೆ ಲಡಾಖ್‌ಗೆ ವರ್ಗ. ಆ ನಾಯಿ ಮಾತ್ರ ಆ ಸ್ಟೇಡಿಯಂನ ಪೂರ್ತಿ ಸೌಲಭ್ಯ ಅನುಭವಿಸಿದ ಭಾರತದ ಮೊದಲ ಜೀವಿ ಇರಬೇಕು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಉತ್ತರ ಪ್ರದೇಶದ ಸಹಾರನ್‌ಪುರದಲ್ಲಿ ಕಬಡ್ಡಿ ಆಡೋಕೆ ಬಂದ ಹೆಣ್ಣುಮಕ್ಕಳು ಶೌಚಾಲಯದ ನೆಲದ ಮೇಲಿಟ್ಟ ಅನ್ನವನ್ನು ಬಡಿಸಿಕೊಳ್ಳೋ ವಿಡಿಯೊ ಬಂತು. ಮಳೆ ಇತ್ತು, ಜಾಗ ಇರಲಿಲ್ಲ ಅನ್ನೋದು ಅಧಿಕಾರಿ ಕೊಟ್ಟ ಕಾರಣ. ಆತ ಅಮಾನತಾದ.

ಹುಡುಗ ಎರಡನ್ನೂ ಬರೆದ. ಲೆಕ್ಚರರ್ "ಸಿಲಬಸ್‌ಗೆ ಸಂಬಂಧ ಇಲ್ಲ" ಅಂತ ಕೆಂಪು ಇಂಕಿನಲ್ಲಿ ಗೀಚಿದರು.

'ಜನಸಂದಣಿ ನಿರ್ವಹಣೆ' ಅಂತಲೂ ಒಂದು ಪಾಠ ಇದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹತ್ತಿರ ಏನಾಯಿತು ಅಂತ ನಮಗ್ಯಾರಿಗೂ ಹೇಳಬೇಕಾಗಿಲ್ಲ. ಸುಮಾರು 35 ಸಾವಿರ ಜನ ಹಿಡಿಸೋ ಜಾಗದ ಬಾಗಿಲಿಗೆ ಲಕ್ಷಗಟ್ಟಲೆ ಜನ. 11 ಮಂದಿ ಸತ್ತರು. ಆ ಮಧ್ಯಾಹ್ನ ವಿಧಾನಸೌಧದ ಮೆಟ್ಟಿಲ ಮೇಲೆ ಫೋಟೊಗೆ ನಿಲ್ಲೋಕೆ ಜಾಗ ಸಾಲದಷ್ಟು ಮುಖಂಡರಿದ್ದರು. ಇದನ್ನು ಮ್ಯಾನೇಜ್ ಮಾಡ್ತಿದ್ದವರು ಯಾರು ಅಂತ ಮರುದಿನ ಕೇಳಿದಾಗ, ಅಷ್ಟು ಜನರಲ್ಲಿ ಒಬ್ಬರೂ ನಾನು ಅನ್ನಲಿಲ್ಲ. ಆ ವಿಷಯದಲ್ಲಿ ನನಗೆ ತಮಾಷೆ ಮಾಡೋಕೆ ಬರೋದಿಲ್ಲ.

ಇಂಟರ್ನ್‌ಶಿಪ್ ವಿಷಯಕ್ಕೆ ಬರೋಣ. ಐಪಿಎಲ್‌ನ ಐದು ವರ್ಷದ ಪ್ರಸಾರ ಹಕ್ಕು 48,390 ಕೋಟಿಗೆ ಹೋಯಿತು ಅನ್ನೋ ಸ್ಲೈಡ್ ತೋರಿಸಿಯೇ ಕಾಲೇಜಿನವರು ಅಡ್ಮಿಷನ್ ಮಾಡಿಕೊಂಡಿದ್ದು. ಆ ಸಮುದ್ರದಿಂದ ನಮ್ಮ ಹುಡುಗನಿಗೆ ಸಿಕ್ಕಿದ ಹನಿ ಅಂದರೆ ಒಂದು ಟೀ ಶರ್ಟ್, ಎರಡು ಸೈಜ್ ದೊಡ್ಡದು. ಒಂದು ಪಂದ್ಯಕ್ಕೆ ಮಧ್ಯಾಹ್ನ ಒಂದರಿಂದ ಗೇಟಿನಲ್ಲಿ ನಿಂತು ಜನರ ಕೈಗೆ ಪಟ್ಟಿ ಕಟ್ಟಿದ. ಒಳಗೆ ಕೂಗು ಕೇಳಿಸಿದಾಗ ಸಿಕ್ಸಾ ವಿಕೆಟ್ಟಾ ಅಂತ ಫೋನಿನಲ್ಲಿ ನೋಡಿದ. ಇನ್ನೊಂದು ಭಾನುವಾರ ನಗರದ ಓಟದ ಸ್ಪರ್ಧೆಯಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬಾಳೆಹಣ್ಣು ಹಂಚಿದ. ರೆಸ್ಯೂಮೆಯಲ್ಲಿ ಮೊದಲನೆಯದು 'ಸ್ಪೆಕ್ಟೇಟರ್ ಎಕ್ಸ್‌ಪೀರಿಯೆನ್ಸ್ ಅಸೋಸಿಯೇಟ್', ಎರಡನೆಯದು 'ಅಥ್ಲೀಟ್ ನ್ಯೂಟ್ರಿಷನ್ ಆಪರೇಷನ್ಸ್' ಆಯಿತು. ಅಕ್ಕ ಅದನ್ನು ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿದಳು. ನಾವೆಲ್ಲ ಹೂಗುಚ್ಛದ ಸ್ಟಿಕರ್ ಕಳಿಸಿದೆವು.

ಹುಡುಗನಿಗೆ ನಿಜವಾದ ಕೆಲಸ ಸಿಕ್ಕಿದ್ದು ಹೋದ ಫೆಬ್ರವರಿಯಲ್ಲಿ, ನಮ್ಮೂರಲ್ಲಿ. ತೀರ್ಥಹಳ್ಳಿ ಕಡೆ. ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ. ಅದನ್ನು ನಡೆಸೋ ಅಣ್ಣನಿಗೆ ಅಡಿಕೆ ವ್ಯಾಪಾರ. ಎಸ್ಸೆಸ್ಸೆಲ್ಸಿ ಎರಡು ಸಲ ಬರೆದು, ಅದರ ಗೊಡವೆಯೇ ಬೇಡ ಅಂತ ಬಿಟ್ಟವನು. ಹುಡುಗ ಲ್ಯಾಪ್‌ಟಾಪ್ ಬಿಚ್ಚಿ ಅಪಾಯಗಳ ಪಟ್ಟಿ ತೋರಿಸಿದ: ಮಳೆ, ಕರೆಂಟು, ಗಲಾಟೆ, ತೀರ್ಪುಗಾರರ ಕೊರತೆ. ಅಣ್ಣ ಎಲೆ ಅಡಿಕೆ ಜಗಿಯುತ್ತಾ ಎಲ್ಲ ನೋಡಿದ. ಕರೆಂಟಿಗೆ ಕೆಇಬಿಯ ಲೈನ್‌ಮನ್ ತಂಡಕ್ಕೂ ಟೂರ್ನಿಯಲ್ಲಿ ಜಾಗ ಕೊಟ್ಟಿದ್ದೀನಿ, ಅವರು ಫೈನಲ್‌ವರೆಗೂ ಹೋಗ್ತಾರೆ, ಅಲ್ಲಿವರೆಗೂ ಕರೆಂಟ್ ಹೋಗಲ್ಲ ಅಂದ. ಮಳೆಗೆ ಸಾಮಿಲ್ಲಿನಿಂದ ಹತ್ತು ಚೀಲ ಮರದ ಹುಡಿ ತರಿಸಿಟ್ಟಿದ್ದ. ಗಲಾಟೆ ಮಾಡೋ ಮೂವರಿಗೆ ಮೊದಲೇ ವಾಲಂಟಿಯರ್ ಬ್ಯಾಡ್ಜ್ ಹಾಕಿಸಿದ್ದ. ಹುಡುಗ ಲ್ಯಾಪ್‌ಟಾಪ್ ಮುಚ್ಚಿದ.

"ಮಾಮ, ಆ ಅಣ್ಣನನ್ನು ನಮ್ಮ ಕಾಲೇಜಿಗೆ ಡೀನ್ ಮಾಡ್ಬೇಕು" ಅಂತ ಆಮೇಲೆ ನನಗೆ ಫೋನಿನಲ್ಲಿ ಹೇಳಿದ. ಆದರೆ ಆ ಅಣ್ಣನಿಗೂ ಒಂದು ವಿಷಯದಲ್ಲಿ ಕೈ ಕಟ್ಟಿತ್ತು. ಮುಖ್ಯ ಅತಿಥಿ ಬರೋತನಕ ಪಂದ್ಯ ಶುರು ಮಾಡೋ ಹಾಗಿಲ್ಲ. ಆಹ್ವಾನ ಪತ್ರಿಕೆಯಲ್ಲಿ ಏಳು ಗಂಟೆ. ಆಟಗಾರರು ಆರೂವರೆಗೇ ವಾರ್ಮಪ್ ಮಾಡಿ ಬೆವರಿದರು. ಬೆವರು ಆರಿತು. ಚಳಿ ಹಿಡಿಯಿತು. ಕೆಲವರು ಬೈಕಿನ ಮೇಲೆ ಕೂತು ನಿದ್ದೆ ಮಾಡಿದರು. ಅತಿಥಿ ಬಂದಿದ್ದು ಹತ್ತೂಕಾಲಿಗೆ.

ಹುಡುಗನಿಗೆ ಕೊಟ್ಟ ಜವಾಬ್ದಾರಿ ಶಾಲು. ವೇದಿಕೆಯಲ್ಲಿ ಕೂತವರನ್ನು ಎಣಿಸಿ, ತಟ್ಟೆಯಲ್ಲಿ ಶಾಲು, ಹಾರ, ಪೇಟ ಜೋಡಿಸಿ, ಹೆಸರು ಕರೆದ ಹಾಗೆ ಮುಂದೆ ಒಯ್ಯಬೇಕು. 28 ಶಾಲು ತರಿಸಿದ್ದರು. ಎಮ್ಮೆಲ್ಲೆ ಜೊತೆ ಬಂದವರೂ ವೇದಿಕೆ ಹತ್ತಿದ ಮೇಲೆ ತಲೆ 29 ಆಯಿತು. ಹುಡುಗ ಬೆವರಿಕೊಂಡು ಅಣ್ಣನ ಕಿವಿಯಲ್ಲಿ, "ಒಂದು ಕಮ್ಮಿ ಬೀಳತ್ತೆ. ಆಟಗಾರರಿಗೆ ಅಂತ ಇಟ್ಟಿರೋದರಲ್ಲಿ ಒಂದು ತರಲಾ?" ಅಂದ.

"ಆಟಗಾರರಿಗೆ ಎಲ್ಲಿಟ್ಟಿದೀವಿ?" ಅಂದ ಅಣ್ಣ. ಆಮೇಲೆ, ಸನ್ಮಾನ ಮುಗಿಸಿಕೊಂಡು ಆಗಲೇ ಕಾರು ಹತ್ತಿದ್ದ ಅತಿಥಿಯೊಬ್ಬರು ಕುರ್ಚಿ ಮೇಲೆ ಬಿಟ್ಟುಹೋದ ಶಾಲನ್ನು ಮೆಲ್ಲಗೆ ಎಳೆದುಕೊಂಡ. ಅಂಟಿದ್ದ ಎರಡು ಸೇವಂತಿಗೆ ಎಸಳು ಕೊಡವಿದ. ಮಡಿಕೆ ಸರಿ ಮಾಡಿ ತಟ್ಟೆ ಮೇಲಿಟ್ಟ.

"ಮ್ಯಾನೇಜ್ ಮಾಡ್ಬೇಕು ಮಾರಾಯ," ಅಂದ. "ನೀನು ಅದನ್ನೇ ಅಲ್ವಾ ಓದ್ತಿರೋದು?"