ಮೊದಲ ಸೆಲ್ಫು

ವರ್ಷಗಟ್ಟಲೆ ಬಿಚ್ಚಿ, ಉಜ್ಜಿ, ಬಣ್ಣ ಬಳಿದು ಮತ್ತೆ ಜೋಡಿಸಿದ ಹಳೇ ಕಾರಿನ ಮುಂದೆ ನಿಂತವರಿಗೆ ಕೈ ತುರಿಸುತ್ತದೆ. ಕೀ ಜೇಬಿನಲ್ಲಿ ನಿಲ್ಲುವುದಿಲ್ಲ. ಸುತ್ತ ನಾಲ್ಕು ಜನ ಮೊಬೈಲ್ ಎತ್ತಿ ಹಿಡಿದಿದ್ದರಂತೂ ಕೇಳುವುದೇ ಬೇಡ. ಇಂಜಿನ್ನಿನ ಒಳಗಿನ ಪರಿಸ್ಥಿತಿ ಆಗ ಹೇಗಿರುತ್ತದೆ ಎಂದರೆ, ಆಯಿಲ್ ಎಲ್ಲಾ ಕೆಳಗೆ ಸಂಪಿನಲ್ಲಿ ತಣ್ಣಗೆ ಮಲಗಿದೆ, ಪಂಪು ಒಣಗಿದೆ, ಬೇರಿಂಗುಗಳಿಗೆ ಆಸರೆ ಜೋಡಿಸುವಾಗ ಸವರಿದ ಒಂದಿಷ್ಟು ಜಿಡ್ಡು ಮಾತ್ರ. ಈ ಸ್ಥಿತಿಯಲ್ಲಿ ಅದು ಒಂದೇ ಏಟಿಗೆ ಸ್ಟಾರ್ಟ್ ಆದರೆ, ಹೊಸ ಬೇರಿಂಗುಗಳು ಸವೆಯುವುದನ್ನು ನೋಡಿ ಚಪ್ಪಾಳೆ ತಟ್ಟಿದ ಹಾಗೆ.

ಆದ್ದರಿಂದ ಮೊದಲ ಸೆಲ್ಫನ್ನು ಇಂಜಿನ್ ಸ್ಟಾರ್ಟ್ ಆಗದಂತೆ ನೋಡಿಕೊಂಡೇ ಹೊಡೆಯಬೇಕು. ಸ್ಪಾರ್ಕ್ ಪ್ಲಗ್ಗುಗಳನ್ನೆಲ್ಲ ಬಿಚ್ಚಿಡಿ, ಕಿಡಿ ಹುಟ್ಟಿಸುವ ಕಾಯಿಲ್‌ಗೆ ಕರೆಂಟ್ ಕೊಡುವ ವೈರ್ ಕಳಚಿ. ಕಂಪ್ರೆಷನ್ ಇಲ್ಲದ್ದರಿಂದ ಇಂಜಿನ್ ಹಗುರಾಗಿ ಸುತ್ತುತ್ತದೆ, ಬೇರಿಂಗಿನ ಮೇಲೆ ಭಾರ ಬೀಳುವುದಿಲ್ಲ. ಹತ್ತು ಸೆಕೆಂಡು ಸೆಲ್ಫು, ಒಂದು ನಿಮಿಷ ವಿರಾಮ. ಇಲ್ಲದಿದ್ದರೆ ಸ್ಟಾರ್ಟರ್ ಮೋಟರ್ ಬಿಸಿಯಾಗಿ ಕೂರುತ್ತದೆ. ಕಣ್ಣು ಆಯಿಲ್ ಒತ್ತಡದ ಗೇಜಿನ ಮೇಲಿರಲಿ. ಡ್ಯಾಶ್‌ಬೋರ್ಡಿನ ಕೆಂಪು ದೀಪವನ್ನು ನಂಬಿ ಕೂರಬೇಡಿ, ಅದು ಅತ್ಯಲ್ಪ ಒತ್ತಡಕ್ಕೇ ಆರಿ ‘ಎಲ್ಲ ಸರಿ’ ಅನ್ನುವ ಜಾತಿ. ಈ ಒಂದು ದಿನದ ಮಟ್ಟಿಗಾದರೂ ಮೆಕ್ಯಾನಿಕಲ್ ಗೇಜು ಕೂರಿಸಿ. ಮೂರು ನಾಲ್ಕು ಸಲ ಸುತ್ತಿಸಿದರೂ ಮುಳ್ಳು ಏಳದಿದ್ದರೆ ನಿಲ್ಲಿಸಿ. ಒಣಗಿದ ಗೇರ್ ಪಂಪು ಗಾಳಿಯನ್ನೇ ಅರೆಯುತ್ತದೆ, ಆಯಿಲ್ ಎಳೆಯುವುದಿಲ್ಲ. ಪಂಪಿನ ಮುಚ್ಚಳ ತೆಗೆದು ಹಲ್ಲುಗಳ ನಡುವೆ ಪೆಟ್ರೋಲಿಯಂ ಜೆಲ್ಲಿ ತುಂಬುವುದು ಹಳೆಯ ಉಪಾಯ. ಜೆಲ್ಲಿ ಗಾಳಿಯ ಸಂದು ಮುಚ್ಚಿ ಎಳೆತ ಹುಟ್ಟಿಸುತ್ತದೆ, ಆಮೇಲೆ ಬಿಸಿ ಆಯಿಲಿನಲ್ಲಿ ಕರಗಿಹೋಗುತ್ತದೆ. ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕೆಳತುದಿಯಿಂದಲೇ ಪಂಪು ತಿರುಗುವ ಇಂಜಿನ್ನುಗಳಲ್ಲಿ ಕೆಲಸ ಇನ್ನೂ ಸುಲಭ: ಡಿಸ್ಟ್ರಿಬ್ಯೂಟರ್ ಎತ್ತಿಟ್ಟು, ಡ್ರಿಲ್ ಮೆಷೀನಿನಿಂದ ಪಂಪನ್ನು ಅದು ಸುತ್ತುವ ದಿಕ್ಕಿಗೇ ತಿರುಗಿಸಿದರಾಯಿತು.

ಕಿಡಿ ಯಾವಾಗ ಹಾರಬೇಕೆಂಬ ಟೈಮಿಂಗ್ ವಿಷಯದಲ್ಲಿ ಬುದ್ಧಿವಂತರೂ ಮುಗ್ಗರಿಸುತ್ತಾರೆ. ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಪಿಸ್ಟನ್ ನಾಲ್ಕು ಹಂತದ ಕೆಲಸವನ್ನು ಒಮ್ಮೆ ಮುಗಿಸಲು ಎರಡು ಸಲ ಮೇಲೆ ಬರುತ್ತದೆ, ಒಮ್ಮೆ ಕಂಪ್ರೆಷನ್‌ಗೆ, ಇನ್ನೊಮ್ಮೆ ಹೊಗೆ ಹೊರದಬ್ಬಲಿಕ್ಕೆ. ಕ್ರ್ಯಾಂಕಿನ ತುದಿಯ ಪುಲ್ಲಿಯ ಮೇಲಿರುವ ಟೈಮಿಂಗ್ ಗುರುತು ಎರಡು ಸಲವೂ ಒಂದೇ ಜಾಗಕ್ಕೆ ಬಂದು ನಿಂತು ಮುಗ್ಧನಂತೆ ನೋಡುತ್ತದೆ. ಒಂದನೇ ಸಿಲಿಂಡರಿನ ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಇಂಜಿನ್ ಸುತ್ತಿಸಿ. ಗಾಳಿ ಬೆರಳನ್ನು ತಳ್ಳಿದರೆ ಅದು ಕಂಪ್ರೆಷನ್. ಇದನ್ನು ಅದಲುಬದಲು ಮಾಡಿದರೆ ಇಂಜಿನ್ ಕೆಮ್ಮಿ ಕಾರ್ಬೊರೇಟರಿನ ಬಾಯಿಂದ ಬೆಂಕಿ ಉಗುಳುತ್ತದೆ. ಏರ್ ಫಿಲ್ಟರನ್ನು ತಪ್ಪದೆ ಕೂರಿಸಿ ಅನ್ನುವುದು ಇದಕ್ಕೇ, ಜ್ವಾಲೆಯನ್ನು ಸ್ವಲ್ಪವಾದರೂ ತಡೆಯುತ್ತದೆ. ಸಿಲಿಂಡರುಗಳಲ್ಲಿ ಕಿಡಿ ಹಾರುವ ಸರದಿ, ಅಂದರೆ ಫೈರಿಂಗ್ ಆರ್ಡರ್, ಬಹಳಷ್ಟು ನಾಲ್ಕು ಸಿಲಿಂಡರಿನ ಕಾರುಗಳಲ್ಲಿ 1-3-4-2, ಕೆಲವದರಲ್ಲಿ 1-2-4-3. ಡಿಸ್ಟ್ರಿಬ್ಯೂಟರಿನ ಒಳಗಿನ ಪಾಯಿಂಟ್ ಗ್ಯಾಪು ಸಾಮಾನ್ಯವಾಗಿ 0.4 ಮಿ.ಮೀ. ಆಸುಪಾಸು, ಪ್ಲಗ್ಗಿನದು 0.6ರಿಂದ 0.7. ಆದರೂ ಆ ಕಾರಿನ ಮ್ಯಾನುಯಲ್ ಹೇಳಿದ್ದೇ ಕೊನೆಯ ಮಾತು.

ಹೊಸ ಬಣ್ಣಕ್ಕೊಂದು ಗುಟ್ಟಾದ ಕೆಟ್ಟ ಗುಣವಿದೆ: ಕರೆಂಟನ್ನು ಬಿಡುವುದಿಲ್ಲ. ಇಂಜಿನ್ ರಬ್ಬರ್ ಮೌಂಟಿಂಗಿನ ಮೇಲೆ ಕೂತಿರುತ್ತದೆ. ಇಂಜಿನ್ನನ್ನೂ ಕಾರಿನ ಬಾಡಿಯನ್ನೂ ಜೋಡಿಸುವ ಅರ್ಥ್ ಪಟ್ಟಿ ಹಾಕಲು ಮರೆತಿದ್ದರೆ, ಅಥವಾ ಬಣ್ಣದ ಮೇಲೆಯೇ ಬೋಲ್ಟ್ ಬಿಗಿದಿದ್ದರೆ, ಸ್ಟಾರ್ಟರ್ ಎಳೆಯುವ ನೂರಕ್ಕೂ ಮೀರಿದ ಆಂಪಿಯರ್ ಬೇರೆ ದಾರಿ ಹುಡುಕಿಕೊಂಡು ಚೋಕ್ ಕೇಬಲ್ಲಿನಲ್ಲಿ ಹರಿದು ಅದನ್ನು ಕಾಯಿಸುತ್ತದೆ. ಚೋಕ್ ಎಳೆಯಲು ಹೋದವರ ಬೆರಳಿಗೆ ಆಮೇಲೆ ಪಾಠ ಹೇಳಿಕೊಡಬೇಕಾಗಿಲ್ಲ. 1960ರ ದಶಕದ ಕೊನೆಯವರೆಗಿನ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಅರ್ಥ್ ಅನ್ನುವುದೂ ನೆನಪಿರಲಿ.

ಪೆಟ್ರೋಲ್ ಹೊಸದೇ ಬೇಕು. ಟ್ಯಾಂಕಿನ ಬಗ್ಗೆ ಅನುಮಾನವಿದ್ದರೆ ಮೊದಲ ದಿನ ಬೇರೆ ಕ್ಯಾನಿನಿಂದ ಕೊಡಿ. ಎಷ್ಟೋ ದಿನ ನಿಂತ ಕಾರ್ಬೊರೇಟರಿನ ಒಳಗೆ ಪೆಟ್ರೋಲ್ ಆರಿ ಅಂಟಾಗಿರುತ್ತದೆ. ಆ ಅಂಟಿಗೆ ಒಳಬರುವ ಪೆಟ್ರೋಲನ್ನು ತಡೆಯುವ ನೀಡಲ್ ವಾಲ್ವ್ ಸಿಕ್ಕಿಕೊಂಡರೆ, ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರ್ ತುಂಬಿ ಹರಿದು, ಸೈಲೆನ್ಸರ್ ಕಡೆಯ ಬಿಸಿ ಮ್ಯಾನಿಫೋಲ್ಡಿನ ಮೇಲೆಯೇ ಸುರಿಯುತ್ತದೆ. ಲೈನಿಗೆ ಪೆಟ್ರೋಲ್ ಬಂದ ಮೇಲೆ ಐದು ನಿಮಿಷ ಕಣ್ಣಿಟ್ಟು ನೋಡಿ, ಆಮೇಲೆ ಕೀ. ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಲ್ಲಲು ಒಬ್ಬರಿರಲಿ, ಅವರಿಗೆ ವಿಡಿಯೋ ತೆಗೆಯುವ ಕೆಲಸ ಕೊಡಬೇಡಿ. ಶೆಡ್ಡಿನ ಬಾಗಿಲು ಪೂರ್ತಿ ತೆರೆದಿರಲಿ. ರೇಡಿಯೇಟರಿಗೆ ಕೂಲೆಂಟ್ ಹಾಕುವಾಗ ಹೀಟರಿನ ನಲ್ಲಿ ಬಿಟ್ಟಿರಬೇಕು, ಇಲ್ಲವಾದರೆ ಗಾಳಿ ಸಿಕ್ಕಿಕೊಳ್ಳುತ್ತದೆ.

ಈಗ ಪ್ಲಗ್ಗು ಹಾಕಿ, ವೈರ್ ಜೋಡಿಸಿ, ನ್ಯೂಟ್ರಲ್ ನೋಡಿ, ಕೀ ತಿರುಗಿಸಿ. ಕುಂಭಕರ್ಣ ಎದ್ದ!

ಎದ್ದವನನ್ನು ಕೂಡಲೇ ಐಡ್ಲಿಂಗಿಗೆ ಇಳಿಸಿ ಆ ಗುಟುರು ಕೇಳಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ವಾಲ್ವುಗಳನ್ನು ಎತ್ತುವ ಉಬ್ಬುಗಳಿರುವ ಹೊಸ ಕ್ಯಾಂಶಾಫ್ಟು, ಆ ಉಬ್ಬುಗಳ ತಳ್ಳನ್ನು ವಾಲ್ವಿಗೆ ದಾಟಿಸುವ ಹೊಸ ಟ್ಯಾಪೆಟ್ಟು ಹಾಕಿದ್ದರೆ ಆ ಆಸೆ ದುಬಾರಿ. ಹಳೇ ಇಂಜಿನ್ನುಗಳಲ್ಲಿ ಟ್ಯಾಪೆಟ್ಟಿನ ಚಪ್ಪಟೆ ಮುಖ ಕ್ಯಾಮಿನ ಉಬ್ಬಿನ ಮೇಲೆ ಉಜ್ಜುತ್ತಲೇ ಹೋಗುತ್ತದೆ. ಕ್ಯಾಂ ಕೆಳಗಿರುವ ಇಂಜಿನ್ನುಗಳಲ್ಲಿ ಆ ಜಾಗಕ್ಕೆ ಆಯಿಲ್ ಬರುವುದು ಹೆಚ್ಚಾಗಿ ಕ್ರ್ಯಾಂಕ್ ಸುತ್ತುವಾಗ ಎರಚಿದ್ದರಿಂದ. ನಿಧಾನಕ್ಕೆ ಸುತ್ತಿದರೆ ಎರಚುವುದು ಕಡಿಮೆ, ಸ್ಪ್ರಿಂಗಿನ ಒತ್ತಡ ಮಾತ್ರ ಅಷ್ಟೇ. ಅದಕ್ಕೇ ಸ್ಟಾರ್ಟ್ ಆದ ಕ್ಷಣದಿಂದಲೇ ಸುಮಾರು 2000 ಆರ್‌ಪಿಎಂ, ಇಪ್ಪತ್ತು ನಿಮಿಷ. ನಡುನಡುವೆ 1500ರಿಂದ 2500ರವರೆಗೆ ಏರಿಳಿಸುತ್ತಿರಬೇಕು. ಆಯಿಲ್ ಕೂಡ ಸವೆತ ತಡೆಯುವ ಜಿಂಕ್ ಹೆಚ್ಚಿರುವ, ಹೊಸ ಭಾಗಗಳನ್ನು ಪಳಗಿಸುವ ಬ್ರೇಕ್-ಇನ್ ಆಯಿಲ್ ಆಗಿರಬೇಕು. ಈಗಿನ ಕಾರುಗಳ ಆಯಿಲಿನಲ್ಲಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗದಿರಲೆಂದು ಜಿಂಕ್-ಫಾಸ್ಫರಸ್ ಸಂಯುಕ್ತವನ್ನು ಕಡಿಮೆ ಮಾಡಿದ್ದಾರೆ.

ಇಪ್ಪತ್ತು ನಿಮಿಷ ಬಹಳ ಉದ್ದ. ಐದನೇ ನಿಮಿಷಕ್ಕೆ ಹೊಗೆ ಕಾಣುತ್ತದೆ, ನೋಡುವವರು ಗಾಬರಿಯಾಗುತ್ತಾರೆ. ಮ್ಯಾನಿಫೋಲ್ಡಿನ ಬಣ್ಣವೂ ಕೈಯ ಜಿಡ್ಡೂ ಸುಡುತ್ತಿರುತ್ತವೆ, ಸುಡಲಿ. ಹಿಂದೆ ಸೈಲೆನ್ಸರಿನಿಂದ ಬರುವ ನೀಲಿ ಹೊಗೆ ಜೋಡಿಸುವಾಗ ಸಿಲಿಂಡರಿಗೆ ಹಚ್ಚಿದ ಆಯಿಲಿನದು. ಬಿಳಿ ಹೊಗೆ ಸಿಹಿ ವಾಸನೆಯೊಡನೆ ನಿಲ್ಲದೇ ಬರುತ್ತಿದ್ದರೆ ಮಾತ್ರ, ಕೂಲೆಂಟ್ ಸಿಲಿಂಡರಿಗೆ ನುಗ್ಗದಂತೆ ತಡೆಯುವ ಹೆಡ್ ಗ್ಯಾಸ್ಕೆಟನ್ನು ಅನುಮಾನಿಸಬೇಕು. ಮೇಲಿನಿಂದ ಟಿಕ್‌ಟಿಕ್ ಅನ್ನುವುದು ಟ್ಯಾಪೆಟ್ಟು, ಕಾಯಬಹುದು. ಕೆಳಗಿನಿಂದ ಡಗ್ ಡಗ್ ಎಂದು ದಪ್ಪ ಸದ್ದು ಬಂದರೆ ಕಾಯದೆ ಆಫ್ ಮಾಡಿ. ಇಂಜಿನ್ ಬಿಸಿಯಾದ ಮೇಲೆ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಆಯಿಲ್ ಒತ್ತಡ ಎಂಬುದು ಮೆಕ್ಯಾನಿಕ್‌ಗಳ ಅಂದಾಜು ಲೆಕ್ಕ. ಮುಳ್ಳು ಸೊನ್ನೆಗೆ ಬಿದ್ದರೆ ಗೇಜು ಕೆಟ್ಟಿರಬಹುದು ಎಂದು ಸಮಾಧಾನ ಹೇಳಿಕೊಳ್ಳುತ್ತಾ ನಿಲ್ಲಬೇಡಿ; ಮೊದಲು ಆಫ್, ಆಮೇಲೆ ತರ್ಕ.

ಆಫ್ ಮಾಡಿ ಆಯಿಲ್ ಬಿಸಿಯಿರುವಾಗಲೇ ಇಳಿಸಿ. ಹೆಡ್ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಲು ಮ್ಯಾನುಯಲ್ ಹೇಳಿದ್ದರೆ, ಅದು ಹೇಳಿದ ಬಿಸಿಯಲ್ಲೋ ತಣ್ಣಗಾದ ಮೇಲೋ ಬಿಗಿದು, ಟ್ಯಾಪೆಟ್ ಗ್ಯಾಪು ಇನ್ನೊಮ್ಮೆ ನೋಡಿ. ಹಳೆ ಆಯಿಲ್ ಫಿಲ್ಟರನ್ನು ಎಸೆಯದೆ ಕೊಯ್ದು ಒಳಗಿನ ಕಾಗದ ಬಿಡಿಸಿ. ಬೂದುಬಣ್ಣದ ನುಣುಪು ಮಸಿ ಇದ್ದೇ ಇರುತ್ತದೆ, ಅದು ಜೋಡಿಸುವಾಗ ಹಚ್ಚಿದ ಪೇಸ್ಟು. ಆಯಸ್ಕಾಂತ ಆಡಿಸಿದರೆ ಕೂದಲಿನಂಥ ಸಣ್ಣ ಪುಡಿ ಅಂಟೀತು, ಮೊದಲ ಸಲಕ್ಕೆ ಅದೂ ಸರಿಯೇ. ಉಗುರಿಗೆ ಸಿಗುವ ಚೂರು ಅಂಟಿದರೆ ಟ್ಯಾಪೆಟ್ ಕವರ್ ತೆಗೆದು, ಇಂಜಿನ್ನನ್ನು ಕೈಯಲ್ಲಿ ಸುತ್ತಿಸುತ್ತಾ ಒಂದೊಂದೇ ವಾಲ್ವ್ ಎಷ್ಟು ಏಳುತ್ತದೆಂದು ಅಳೆಯಿರಿ. ಯಾವುದು ಕಡಿಮೆ ಏಳುತ್ತದೋ ಅದರ ಕ್ಯಾಮಿನ ಉಬ್ಬು ಸವೆದಿದೆ.